ಮುಂಬಯಿಯಲ್ಲಿ ಕನ್ನಡಗಳನ್ನು ಕೇಳುವ ಬಗೆ

ಕನ್ನಡದ ಒಳನುಡಿಗಳ ಸವಿ ಹತ್ತಬೇಕೆಂದರೆ ಬೆಂಗಳೂರಿಗಿಂತ ಮುಂಬಯಿಯೇ ವಾಸಿ. ಬೆಂಗಳೂರಿಗೆ ಬಂದವರ ಮಾತು ಬಹುಬೇಗ ಬೆಂಗಳೂರಿನ ಹದಕ್ಕೆ ತಿರುಗುತ್ತದೆ. ಮುಂಬಯಿಯಲ್ಲಿ ಆ ಒತ್ತಾಯವಿಲ್ಲ. ಹೊರಗಿನ ವ್ಯವಹಾರಕ್ಕೆ ಹಿಂದಿ, ಮರಾಠಿ ಇವೆ. ಕನ್ನಡ ಉಳಿದಿರುವುದು ಮನೆಯೊಳಗೆ, ಊರಿನವರ ನಡುವೆ. ಅದಕ್ಕೇ ಅದು ಊರಿನದಾಗಿಯೇ ಉಳಿದಿದೆ.

ಮೊದಲ ಪಾಠಕ್ಕೆ ರೈಲು ನಿಲ್ದಾಣಕ್ಕೆ ಹೋಗಿ. ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ ಮಧ್ಯಾಹ್ನ ಮಂಗಳೂರಿಗೆ ಹೊರಡುವ ಮತ್ಸ್ಯಗಂಧ ರೈಲಿನಲ್ಲಿ ಅಂಕೋಲಾ, ಕುಮಟಾ, ಭಟ್ಕಳ, ಕುಂದಾಪುರ, ಉಡುಪಿಯವರು ಒಂದೇ ಡಬ್ಬಿಯಲ್ಲಿ ಸಿಗುತ್ತಾರೆ. ದಾದರಿನಿಂದ ಹೊರಡುವ ಚಾಲುಕ್ಯ, ಶರಾವತಿ ಗಾಡಿಗಳಲ್ಲಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿಯ ಮಾತು. ಸಿಎಸ್‌ಎಂಟಿ ನಿಲ್ದಾಣದಿಂದ ಹೊರಡುವ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಸೋಲಾಪುರ, ಕಲಬುರಗಿ, ರಾಯಚೂರಿನದು. ಗಾಡಿ ಹೊರಡುವ ಮುಂಚಿನ ಅರ್ಧ ಗಂಟೆ ಪ್ಲಾಟ್‌ಫಾರ್ಮಿನಲ್ಲಿ ಸುಮ್ಮನೆ ನಿಂತರೂ ಸಾಕು. ಬೀಳ್ಕೊಡಲು ಬಂದವರು ತಮ್ಮವರೊಡನೆ ಆಡುವುದು ಮನೆಯ ಮಾತನ್ನೇ.

ಮುಂಬಯಿಗೆ ಬಂದ ಈ ಹರಿವುಗಳ ಹಿಂದೆ ಇತಿಹಾಸವಿದೆ. ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದ ಉತ್ತರ ಕನ್ನಡವೂ ಅಷ್ಟೇ. ಅಲ್ಲಿಯವರಿಗೆ ಮುಂಬಯಿ ಪರದೇಶವಲ್ಲ, ತಮ್ಮದೇ ರಾಜಧಾನಿ. ಮದ್ರಾಸಿನಲ್ಲೇ ಉಳಿದ ದಕ್ಷಿಣ ಕನ್ನಡದವರು ಬಂದದ್ದು ಹೋಟೆಲು, ಕ್ಯಾಂಟೀನುಗಳ ದುಡಿಮೆಗೆ. ಮಾಟುಂಗಾ ಸ್ಟೇಷನ್ನಿನ ಎದುರು 1942ರಲ್ಲಿ ತೆರೆದ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಇಂದಿಗೂ ಬಾಳೆಲೆಯ ಊಟ ಸಿಗುತ್ತದೆ.

ಇನ್ನು ಕಿವಿಯನ್ನು ಪಳಗಿಸುವ ಬಗೆ. ಇದಕ್ಕೆ ಜರ್ಮನಿಯ ಭಾಷಾವಿದ್ವಾಂಸ ಗಿಯೋರ್ಗ್ ವೆಂಕರನಿಂದ ಒಂದು ಉಪಾಯ ಕಲಿಯಬಹುದು. 1876ರಲ್ಲಿ ಆತ ಹಳ್ಳಿಶಾಲೆಯ ಮೇಷ್ಟರುಗಳಿಗೆ ಕೆಲವು ವಾಕ್ಯಗಳ ಪಟ್ಟಿ ಕಳಿಸಿ, ಅವನ್ನು ನಿಮ್ಮೂರಿನ ಮಾತಿನಲ್ಲಿ ಬರೆದುಕೊಡಿ ಎಂದು ಕೇಳಿದ. ಒಳನುಡಿಗಳ ನಡುವೆ ಗೆರೆ ಎಳೆಯಹೊರಟರೆ, ಒಂದೊಂದು ಪದದ ಗೆರೆಯೂ ಬೇರೆ ಬೇರೆ ದಾರಿ ಹಿಡಿಯಿತು. ಬಡಗಣ ಜರ್ಮನಿಯವರ ‘ಇಕ್’, ‘ಮಾಕೆನ್’, ‘ಡಾರ್ಪ್’ ತೆಂಕಲಿಗೆ ಬರುತ್ತ ‘ಇಶ್’, ‘ಮಾಖೆನ್’, ‘ಡಾರ್ಫ್’ ಆಗುತ್ತವೆ. ಆದರೆ ರೈನ್ ನದಿಯ ಬಳಿ ಮೂರೂ ಒಂದೇ ಊರಿನಲ್ಲಿ ಬದಲಾಗುವುದಿಲ್ಲ, ಆ ಗೆರೆಗಳು ಬೀಸಣಿಗೆಯ ಕಡ್ಡಿಗಳ ಹಾಗೆ ಬಿಚ್ಚಿಕೊಳ್ಳುತ್ತವೆ. ನಮ್ಮ ಕರಾವಳಿಯೂ ಹೀಗೆಯೇ. ಕಾರವಾರದಿಂದ ಮಂಗಳೂರಿನವರೆಗೆ ಇಲ್ಲಿಗೆ ಒಂದು ಮುಗಿಯಿತು, ಇನ್ನೊಂದು ಶುರುವಾಯಿತು ಎಂದು ಬೆರಳಿಟ್ಟು ತೋರಿಸುವ ಜಾಗ ಸಿಗುವುದಿಲ್ಲ.

ನೀವೂ ಒಂದೇ ಒಂದು ವಾಕ್ಯ ಹಿಡಿದುಕೊಳ್ಳಿ: ಎಲ್ಲಿಗೆ ಹೋಗುತ್ತಿದ್ದೀರಿ? ಮೈಸೂರಿನವರು ‘ಎಲ್ಲಿಗ್ ಹೋಗ್ತಾ ಇದೀರಾ?’ ಎನ್ನುತ್ತಾರೆ. ಧಾರವಾಡದವರದು ‘ಎಲ್ಲಿ ಹೊಂಟೀರಿ?’ ಕಲಬುರಗಿಯ ಕಡೆಯವರು ‘ಎಲ್ಲಿ ಹೋಗ್ಲತ್ತೀರಿ?’ ಎಂದಾರು. ಮಂಗಳೂರಿನವರು ‘ಎಲ್ಲಿಗೆ ಹೋಗುವುದು ಮಾರಾಯ್ರೆ?’ ಎಂದರೆ, ಕುಂದಾಪುರದವರು ‘ಹ್ವಾಯ್, ಎಲ್ಲಿಗ್ ಹೋಪುದ್?’ ಎಂದು ತಡೆದು ನಿಲ್ಲಿಸುತ್ತಾರೆ.

ಹೊಸಬರು ಸಾಮಾನ್ಯವಾಗಿ ಹುಡುಕುವುದು ವಿಚಿತ್ರ ಪದಗಳನ್ನು. ಅಲ್ಲಿ ಹೆಚ್ಚು ರಸವಿಲ್ಲ, ಪದಗಳನ್ನು ಯಾರು ಬೇಕಾದರೂ ಎರವಲು ತರುತ್ತಾರೆ. ಕಿವಿಯನ್ನು ಕ್ರಿಯಾಪದದ ಬಾಲಕ್ಕೆ ಕೊಡಿ, ನುಡಿಯ ಗುಟ್ಟು ಅಲ್ಲಿದೆ. ಕುಂದಾಪುರದ ‘ಹೋಪುದ್’ ಅನ್ನೇ ನೋಡಿ. ಹಳಗನ್ನಡದಲ್ಲಿ ‘ಪೋಪುದು’, ‘ಬರ್ಪುದು’ ಇದ್ದವು. ಪದದ ಮೊದಲಿನ ಪಕಾರ ಕನ್ನಡದಲ್ಲೆಲ್ಲ ಹಕಾರವಾಯಿತು, ಕುಂದಾಪುರದಲ್ಲೂ ಆಯಿತು. ಒಳಗಿನ ಪಕಾರ ಮಾತ್ರ ಅಲ್ಲಿ ಕದಲದೆ ಕೂತಿದೆ: ಹೋಪುದ್, ಬಪ್ಪುದ್. ‘ಉಂಬುದ್’, ‘ತಿಂಬುದ್’, ‘ಕಾಂಬ’ಗಳೂ ಇದೇ ಮನೆತನದವು. ‘ಕಾಂಬ’ ಎಂದರೆ ನೋಡೋಣ. ಪಂಪನ ಕಾಲದ ವ್ಯಾಕರಣ ಗೋರೆಗಾಂವದ ಚಾಳಿನಲ್ಲೊಬ್ಬ ಅಜ್ಜಿಯ ಬಾಯಲ್ಲಿ ಮೀನಿನ ದರ ಕೇಳುತ್ತ ಓಡಾಡಿಕೊಂಡಿದೆ ಎಂದರೆ ನನಗಂತೂ ಮೈ ಜುಮ್ಮೆನ್ನುತ್ತದೆ. ಹವ್ಯಕರ ‘ಹೋಪದು’, ‘ಬಪ್ಪದು’ಗಳೂ ಇವುಗಳ ದಾಯಾದಿಗಳೇ. ಅವರ ‘ಆನು’ (ನಾನು) ಕೂಡ ಅಷ್ಟೇ ಹಳೆಯದು. ಇಂಥದ್ದನ್ನು ಕೆಟ್ಟ ಕನ್ನಡ, ಅಶುದ್ಧ ಕನ್ನಡ ಎಂದು ಮಕ್ಕಳ ಬಾಯಿ ಮುಚ್ಚಿಸುವವರನ್ನು ಕಂಡರೆ ಸಂಕಟವಾಗುತ್ತದೆ.

ಧಾರವಾಡದ ಮಾತಿನಲ್ಲಿ ಕೇಳಬೇಕಾದ್ದು ಬೇರೆ. ಅಲ್ಲಿ ಎಕಾರ ಇಕಾರವಾಗಿ ‘ಮನೆ’ ‘ಮನಿ’ಯಾಗುತ್ತದೆ, ‘ಯಾಕೆ’ ‘ಯಾಕ’ ಆಗುತ್ತದೆ, ‘ಮನೆಯಲ್ಲಿ’ ಎಂಬುದು ‘ಮನ್ಯಾಗ’ ಎಂದು ಬಾಯ್ತುಂಬ ಬರುತ್ತದೆ. ಆದರೆ ಅದರ ಜೀವ ‘ರೀ’ಯಲ್ಲಿದೆ. ‘ಹೌದ್ರೀ’, ‘ಇಲ್ರೀ’, ‘ಬರ್ತೀನ್ರೀ’ ಎಂದು ಯಾವ ಮಾತಿಗೂ ಅದನ್ನು ಅಂಟಿಸಬಹುದು. ಮೆಲ್ಲಗೆ ಎಳೆದರೆ ಅಕ್ಕರೆ, ತಟ್ಟನೆ ಕಡಿದರೆ ಮುನಿಸು. ಅದರ ಎಳೆತವನ್ನು ಗಮನಿಸುತ್ತ ಹೋದರೆ, ಮಾತಿನ ಅರ್ಥ ತಿಳಿಯುವ ಮೊದಲೇ ಆಡುವವರ ಮನಸ್ಸು ತಿಳಿಯುತ್ತದೆ. ಇನ್ನೊಂದು ಎಚ್ಚರಿಕೆ: ಯಾರಾದರೂ ‘ಖೋಲಿ’, ‘ಖರೇ’ ಎಂದೊಡನೆ ಮುಂಬಯಿಗೆ ಬಂದು ಮಾತು ಕೆಟ್ಟಿತು ಎಂದುಕೊಳ್ಳಬೇಡಿ. ಬೆಳಗಾವಿ, ಧಾರವಾಡದ ಮನೆಗಳಲ್ಲಿ ಅವು ತಲೆಮಾರುಗಳಿಂದ ಇವೆ, ಮುಂಬಯಿಗೆ ಬರುವಾಗ ಗಂಟಿನಲ್ಲಿ ಕಟ್ಟಿಕೊಂಡೇ ಬಂದವು. ಸೋಲಾಪುರ ಜಿಲ್ಲೆಯ ಅಕ್ಕಲಕೋಟೆ, ಸಾಂಗಲಿ ಜಿಲ್ಲೆಯ ಜತ್ತಿನ ಎಷ್ಟೋ ಮನೆಗಳಲ್ಲಿ ಮನೆಮಾತು ಕನ್ನಡ, ಶಾಲೆಯ ಮಾತು ಮರಾಠಿ. ಅವರ ಕನ್ನಡಕ್ಕೆ ಪುಸ್ತಕದ ಸೋಂಕೇ ತಾಗಿಲ್ಲ. ಸಿಕ್ಕರೆ ಬಿಡಬೇಡಿ.

ಮಂಗಳೂರು, ಉಡುಪಿಯ ಕನ್ನಡ ಇದಕ್ಕೆ ತೀರ ಎದುರು. ಅಲ್ಲಿ ಬಹುಮಂದಿಯ ಮನೆಮಾತು ತುಳು ಅಥವಾ ಕೊಂಕಣಿ. ಕನ್ನಡ ಅವರಿಗೆ ಬಂದದ್ದು ಶಾಲೆಯಿಂದ, ಯಕ್ಷಗಾನದಿಂದ. ಆದ್ದರಿಂದಲೇ ಅವರು ‘ಮಾಡುತ್ತೇನೆ’, ‘ಬಂದದ್ದು’, ‘ಉಂಟು’ ಎಂದು ಅಕ್ಷರಗಳನ್ನು ನುಂಗದೆ ಬಿಡಿಸಿ ಆಡುತ್ತಾರೆ. ಪುಸ್ತಕದ ಭಾಷೆ ಎಂದು ನಗುವವರಿದ್ದಾರೆ. ಆದರೆ ‘ನೀವು ಯಾವಾಗ ಬಂದದ್ದು?’ ಎಂಬ ಪ್ರಶ್ನೆಯ ವಾಕ್ಯರಚನೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ, ಅದು ಆ ಸೀಮೆಯ ಸ್ವಂತದ್ದು.

ಮಳೆಗಾಲದಲ್ಲಿ ಊರಿನ ಮೇಳಗಳ ತಿರುಗಾಟ ನಿಂತಾಗ ಕಲಾವಿದರು ಮುಂಬಯಿಗೆ ಬಂದು ಸಭಾಗೃಹಗಳಲ್ಲಿ ಯಕ್ಷಗಾನ ಆಡುತ್ತಾರೆ. ಬಡಗಣ ಶೈಲಿಯ, ಅಂದರೆ ಬಡಗುತಿಟ್ಟಿನ, ಒಂದು ಆಟವನ್ನು ತಪ್ಪದೆ ನೋಡಿ. ರಾಜ ಗ್ರಾಂಥಿಕ ಕನ್ನಡದಲ್ಲಿ ಅರ್ಥ ಹೇಳುತ್ತಿರುತ್ತಾನೆ, ಹಾಸ್ಯಗಾರ ಕುಂದಾಪುರದ ಆಡುಮಾತಿನಲ್ಲಿ ನಡುವೆ ಬಾಯಿ ಹಾಕುತ್ತಾನೆ, ಸಭೆ ಒಂದೇ ಸಲ ಹಗುರಾಗುತ್ತದೆ. ಎರಡು ಕನ್ನಡಗಳನ್ನು ಅಕ್ಕಪಕ್ಕ ಇಟ್ಟು ಕೇಳಲು ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಆದರೆ ಅಲ್ಲಿಗೇ ನಿಲ್ಲಬೇಡಿ. ರಂಗದಲ್ಲೂ ಸಿನಿಮಾದಲ್ಲೂ ಒಳನುಡಿಯನ್ನು ನಗಿಸುವ ಕೆಲಸಕ್ಕೇ ಹಚ್ಚಿ ಹಚ್ಚಿ, ಅದರಲ್ಲಿ ಅಳುವುದಕ್ಕೂ ತರ್ಕ ಮಾಡುವುದಕ್ಕೂ ಬರುವುದಿಲ್ಲವೇನೋ ಎಂಬ ಭ್ರಮೆ ಹುಟ್ಟಿದೆ. ಸಾವಿನ ಮನೆಯಲ್ಲಿ, ಆಸ್ತಿಯ ಜಗಳದಲ್ಲಿ, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಈ ನುಡಿಗಳನ್ನು ಕೇಳಿದವರಿಗೆ ಆ ಭ್ರಮೆ ಉಳಿಯುವುದಿಲ್ಲ.

ಓದುವವರಿಗೆ ಮುಂಬಯಿಯ ಲೇಖಕರೇ ಇದ್ದಾರೆ. ಬಾಂದ್ರಾದಲ್ಲಿ ಬಾಳಿದ ಯಶವಂತ ಚಿತ್ತಾಲರು ‘ಶಿಕಾರಿ’ಯಲ್ಲಿ ಮುಂಬಯಿಯನ್ನು ಬರೆದರು, ಕಥೆಗಳಲ್ಲಿ ಮತ್ತೆ ಮತ್ತೆ ಉತ್ತರ ಕನ್ನಡದ ಹನೇಹಳ್ಳಿಗೆ ಮರಳಿದರು. ಎರಡನ್ನೂ ಒಟ್ಟಿಗೆ ಓದಿ, ಊರು ಬದಲಾದಾಗ ವಾಕ್ಯದ ನಡಿಗೆ ಹೇಗೆ ಬದಲಾಗುತ್ತದೆಂದು ಗಮನಿಸಿ. ಗೋಕರ್ಣದಿಂದ ಬಂದ ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳನ್ನು ಗಟ್ಟಿಯಾಗಿ ಓದಬೇಕು. ಎದುರಿಗೆ ನಿಘಂಟು ಬೇಕಾದರೆ ಕಿಟ್ಟೆಲ್ಲರದನ್ನೇ ಇಟ್ಟುಕೊಳ್ಳಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ನಿಘಂಟಿನಲ್ಲಿ ಎಷ್ಟೋ ಪದಗಳಿಗೆ ಅವು ಬಳಕೆಯಲ್ಲಿರುವ ಸೀಮೆಯ ಗುರುತಿದೆ. ಕಿಟ್ಟೆಲ್ ಹುಟ್ಟಿದ್ದು ಜರ್ಮನಿಯ ಬಡಗಣ ಕಡಲತೀರದ ಓಸ್ಟ್‌ಫ್ರೀಸ್‌ಲ್ಯಾಂಡಿನಲ್ಲಿ. ‘ಮಂಗಳೂರ ಸಮಾಚಾರ’ ಪತ್ರಿಕೆಯ ಮೊಗ್ಲಿಂಗ್ ತೆಂಕಣ ವ್ಯುರ್ಟೆಂಬರ್ಗಿನವನು. ಆ ಎರಡು ಸೀಮೆಗಳ ಹಳ್ಳಿಗರು ತಂತಮ್ಮ ನುಡಿಯಲ್ಲೇ ಮಾತಾಡಿದರೆ ಒಬ್ಬರದು ಒಬ್ಬರಿಗೆ ಅರ್ಥವಾಗುವುದು ಕಷ್ಟ. ಅಂಥ ನಾಡಿನಿಂದ ಬಂದ ಕಿಟ್ಟೆಲ್ಲರ ಕಿವಿ ಕನ್ನಡದ ಸೀಮೆಗಳ ಕಡೆ ತಿರುಗಿದ್ದು ಸಹಜವೇ ಎಂದು ನನಗೆ ಅನಿಸುತ್ತದೆ.

ಕೊನೆಗೆ ಒಂದು ತೊಡಕು. ಅಪರಿಚಿತರನ್ನು ಕಂಡೊಡನೆ ಎಲ್ಲರೂ ತಮ್ಮ ನುಡಿಯನ್ನು ಒಳಗಿಟ್ಟು ಸಭೆಯ ಕನ್ನಡ ತೆಗೆಯುತ್ತಾರೆ. ‘ನಿಮ್ಮ ಭಾಷೆಯಲ್ಲಿ ಏನಾದರೂ ಹೇಳಿ’ ಎಂದು ಕೇಳಿದರಂತೂ ಮುಗಿಯಿತು, ನಾಲಗೆ ಕಟ್ಟಿಹೋಗುತ್ತದೆ. ಈ ಸಲ ಮಳೆ ಹೇಗಾಯಿತು, ಬಂಗುಡೆಗೆ ಹುಳಿ ಯಾವುದು ಹಾಕುತ್ತೀರಿ, ರೊಟ್ಟಿ ತಟ್ಟುವಾಗ ಹಿಟ್ಟಿಗೆ ಬಿಸಿನೀರೋ ತಣ್ಣೀರೋ ಎಂದು ಕೇಳಿ. ಎರಡನೆಯ ವಾಕ್ಯಕ್ಕೆ ಊರು ಹೊರಬರುತ್ತದೆ. ಮನೆಯಲ್ಲೇ ಅಜ್ಜಿಯಿದ್ದರೆ ಹೋಗು, ಬಾ, ಉಣ್ಣು, ಕಾಣು ಎಂಬ ನಾಲ್ಕು ಕ್ರಿಯಾಪದಗಳನ್ನು ಅವರು ನಿನ್ನೆ, ಇಂದು, ನಾಳೆಗೆ ಹೇಗೆ ಹೊರಳಿಸುತ್ತಾರೆಂದು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಊರಿನ ಹೆಸರು, ತಾರೀಖು ಸಮೇತ.