ಬಾಬು ಭಟ್ಟನ ಹೋಟೆಲು, ಜೆರ್ರಿಯ ಉಪಕಾರ

ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1989ರಿಂದ 1998ರ ವರೆಗೆ ಪ್ರಸಾರವಾದ 'ಸೈನ್‌ಫೆಲ್ಡ್' ಹಾಸ್ಯ ಧಾರಾವಾಹಿಗೆ 'ಏನೂ ಇಲ್ಲದ್ದರ ಕುರಿತ ಧಾರಾವಾಹಿ' ಎಂಬ ಹೆಸರಿದೆ. ನ್ಯೂಯಾರ್ಕಿನ ನಾಲ್ವರು ಗೆಳೆಯರು, ಅವರ ಹರಟೆ, ಸಣ್ಣಪುಟ್ಟ ಸುಳ್ಳು, ಸಣ್ಣಪುಟ್ಟ ಜಗಳ. ಇಷ್ಟೇ ಅದರ ಬಂಡವಾಳ. ಆದರೆ 1991ರ ನವೆಂಬರ್ 6ರಂದು ಬಂದ 'ದಿ ಕೆಫೆ' ಎಂಬ ಕಂತನ್ನು ಇಂದು ಮತ್ತೊಮ್ಮೆ ನೋಡುವಾಗ ಈ 'ಏನೂ ಇಲ್ಲ' ಎಂಬ ಮಾತನ್ನು ನಾವು ಅಷ್ಟು ಸುಲಭವಾಗಿ ಒಪ್ಪಲಾರೆವು. ನಗು ಬರುತ್ತದೆ. ನಗು ಮುಗಿದ ಮೇಲೆ ಒಬ್ಬ ಬಡಪಾಯಿ ಹೋಟೆಲಿನವನ ಮುಖ ಕಣ್ಣ ಮುಂದೆ ಉಳಿದುಬಿಡುತ್ತದೆ.

ಕಥೆ ಸರಳ. ನಾಯಕ ಜೆರ್ರಿಯ ಮನೆಯ ಎದುರು ಬಾಬು ಭಟ್ ಎಂಬ ಪಾಕಿಸ್ತಾನಿ ವಲಸಿಗ ಹೊಸ ಹೋಟೆಲು ತೆರೆದಿದ್ದಾನೆ. ಅದರ ಹೆಸರು 'ಡ್ರೀಮ್ ಕೆಫೆ', ಕನಸಿನ ಹೋಟೆಲು. ಅಲ್ಲಿ ಮೆಕ್ಸಿಕೋದ ತಿಂಡಿಯೂ ಉಂಟು, ಗ್ರೀಕರ ಅಡುಗೆಯೂ ಉಂಟು, ಅಮೆರಿಕನ್ನರ ಊಟವೂ ಉಂಟು. ಇಲ್ಲದಿರುವುದು ಗಿರಾಕಿಗಳು ಮಾತ್ರ. ಖಾಲಿ ಹೋಟೆಲನ್ನು ಕಿಟಕಿಯಿಂದ ನೋಡಿ ಜೆರ್ರಿಯ ಮನ ಕರಗುತ್ತದೆ. ಅಲ್ಲಿಗೆ ಹೋಗಿ ಉಣ್ಣುತ್ತಾನೆ, ಬಾಬುವಿಗೆ ಒಂದು ಸಲಹೆಯನ್ನೂ ಕೊಡುತ್ತಾನೆ: ನೀನು ಪಾಕಿಸ್ತಾನದವನು, ನಿನ್ನ ದೇಶದ ಅಡುಗೆಯನ್ನೇ ಮಾಡಬಾರದೇಕೆ? ಬಾಬು ಅದನ್ನು ನಂಬುತ್ತಾನೆ. ಇದ್ದಬದ್ದ ಹಣ ಸುರಿದು ಹೋಟೆಲಿನ ರೂಪವನ್ನೇ ಬದಲಾಯಿಸುತ್ತಾನೆ. ಆದರೂ ಯಾರೂ ಬರುವುದಿಲ್ಲ. ಮತ್ತೆ ಬಂದ ಜೆರ್ರಿ, ಬಹುಶಃ ಈ ಜಾಗವೇ ಸರಿಯಿಲ್ಲವೇನೋ ಎಂದು ರಾಗ ಎಳೆದಾಗ ಬಾಬು ಬೆರಳು ಆಡಿಸುತ್ತಾ 'ನೀನು ಬಹಳ ಕೆಟ್ಟ ಮನುಷ್ಯ' ಎಂದು ಕೂಗುತ್ತಾನೆ. ಅಂಗಡಿಗೆ ಬೀಗ ಬೀಳುತ್ತದೆ.

ಕರಾವಳಿಯ ಓದುಗರಿಗೆ 'ಭಟ್ಟರ ಹೋಟೆಲು' ಎಂದೊಡನೆ ಇಡ್ಲಿ ಸಾಂಬಾರ್ ನೆನಪಾದರೆ ಆಶ್ಚರ್ಯವಿಲ್ಲ. ಈ ನೆನಪು ಬರಿಯ ತಮಾಷೆಯದಲ್ಲ. ಮುಂಬಯಿಗೆ ಹೋಗಿ ಹೋಟೆಲು ಇಟ್ಟ ನಮ್ಮ ಕರಾವಳಿಯವರು ಮಾಡಿದ್ದೇನು? ಇಡ್ಲಿ, ದೋಸೆಯ ಜೊತೆಗೆ ಪಾವ್ ಭಾಜಿಯನ್ನೂ ಪಂಜಾಬಿ ಪಲ್ಯವನ್ನೂ ಚೀನೀ ನೂಡಲ್ಸನ್ನೂ ಒಂದೇ ಪಟ್ಟಿಯಲ್ಲಿ ಬರೆದರು. ಅದನ್ನು ಯಾರೂ ಗೊಂದಲವೆಂದು ಹಳಿಯಲಿಲ್ಲ. ಪರವೂರಿನಲ್ಲಿ ಬದುಕಬೇಕಾದವನು ಎದುರಿಗೆ ಬಂದವನ ಬಾಯಿರುಚಿ ತಿಳಿಯಬೇಕು, ಅಷ್ಟೇ. ಹೀಗಿರುವಾಗ ಬಾಬುವಿನ ಹರಕುಮುರುಕು ತಿಂಡಿಪಟ್ಟಿಯನ್ನು ನಾವು ದಡ್ಡತನವೆಂದು ಹೇಗೆ ಹೇಳೋಣ? ಬಂದವರು ಯಾರೇ ಆಗಲಿ, ಹಸಿದು ಹಿಂದಿರುಗಬಾರದು ಎಂಬ ಲೆಕ್ಕ ಅದರಲ್ಲಿತ್ತು. ಜೆರ್ರಿಗೆ ಮಾತ್ರ ಅದು ಸುಳ್ಳು ವೇಷವಾಗಿ ಕಂಡಿತು.

'ನೀನು ನೀನಾಗಿಯೇ ಇರು' ಎಂಬುದು ಕೇಳಲು ಎಷ್ಟು ಚೆಂದದ ಮಾತು! ಆದರೆ ಇದನ್ನು ಹೇಳುವವನು ಯಾರು, ಇದರ ಖರ್ಚು ಭರಿಸುವವನು ಯಾರು? ಜೆರ್ರಿಯ ಗಂಟಿನಿಂದ ಒಂದು ಕಾಸೂ ಹೋಗುವುದಿಲ್ಲ. ಅವನು ತನ್ನ ಕಿಟಕಿಗೆ ಮರಳುತ್ತಾನೆ. ಸೋಲಿನ ಭಾರವೆಲ್ಲ ಬಾಬುವಿನ ಮೇಲೆ. ಈ ಕಂತಿನ ದೊಡ್ಡ ಗುಣವೆಂದರೆ ಅದು ಜೆರ್ರಿಯನ್ನು ಬಿಟ್ಟುಕೊಡುವುದಿಲ್ಲ. ಹೋಟೆಲಿನಲ್ಲಿ ಕುಳಿತ ಅವನ ಮನಸ್ಸಿನ ಮಾತು ನಮಗೆ ಕೇಳಿಸುತ್ತದೆ: ತಾನೆಷ್ಟು ಒಳ್ಳೆಯವನು, ಈ ಬಡ ವಲಸಿಗನಿಗಾಗಿ ಬೇರೆ ಯಾರು ಇಷ್ಟು ಶ್ರಮಪಟ್ಟಾರು, ತಾಯಿ ತನ್ನನ್ನು ಹೊಗಳಿದ್ದು ಸುಳ್ಳಲ್ಲ! ಬಾಬು ಕೆಟ್ಟವನೆಂದು ಬೈದಾಗಲೂ ಅವನನ್ನು ಕಾಡುವುದು ಬಾಬುವಿನ ನಷ್ಟವಲ್ಲ, ತಾಯಿಯ ಮಾತು ತಪ್ಪಾಯಿತೇ ಎಂಬ ಅನುಮಾನ. ಉಪಕಾರಿಯ ಕಣ್ಣು ಉಪಕಾರ ಪಡೆದವನ ಮೇಲಿರದೆ ಕನ್ನಡಿಯ ಮೇಲಿರುವುದನ್ನು ಇದಕ್ಕಿಂತ ಚುರುಕಾಗಿ ತೋರಿಸಿದ ಧಾರಾವಾಹಿಗಳು ಕಡಿಮೆ.

ಇದೇ ಕಂತಿನ ಇನ್ನೊಂದು ಎಳೆಯಲ್ಲಿ ಗೆಳೆಯ ಜಾರ್ಜ್ ತನ್ನ ಪ್ರೇಯಸಿ ಕೊಟ್ಟ ಬುದ್ಧಿಮತ್ತೆಯ ಪರೀಕ್ಷೆಯನ್ನು ಎಲೇನ್‌ಳಿಂದ ಗುಟ್ಟಾಗಿ ಬರೆಯಿಸುತ್ತಾನೆ. ಅವಳು ಕುಳಿತು ಬರೆಯುವುದು ಬಾಬುವಿನ ಖಾಲಿ ಹೋಟೆಲಿನಲ್ಲೇ. ಜಾರ್ಜ್ ಇನ್ನೊಬ್ಬರ ಬುದ್ಧಿಯನ್ನು ತನ್ನದೆಂದು ತೋರಿಸಿಕೊಳ್ಳಬಹುದು. ಸಿಕ್ಕಿಬಿದ್ದರೆ ಮುಖಭಂಗ, ಹೆಚ್ಚೆಂದರೆ ಪ್ರೇಮಭಂಗ. ಬಾಬು ಇನ್ನೊಬ್ಬರ ಅಡುಗೆ ಮಾಡಿದರೆ ಮಾತ್ರ ಅದು ತಿದ್ದಬೇಕಾದ ತಪ್ಪು. ಲೇಖಕರು ಇದನ್ನು ಬೇಕೆಂದೇ ಹೆಣೆದರೋ ಇಲ್ಲವೋ, ಎರಡೂ ಎಳೆಗಳು ಒಂದೇ ಮೇಜಿನ ಮೇಲೆ ಸೇರಿವೆ.

ಹಾಗೆಂದು ಈ ಕಂತಿನ ಮೇಲೆ ನಮಗೆ ದೂರೇ ಇಲ್ಲವೆಂದಲ್ಲ. ಬಾಬುವಿನ ಉಚ್ಚಾರಣೆ ಮತ್ತು ಆಡಿಸುವ ಬೆರಳು ಬೇಕಾದ್ದಕ್ಕಿಂತ ಹೆಚ್ಚು ನಗೆಯ ವಸ್ತುವಾಗಿವೆ. ಜೆರ್ರಿಯ ಮನದ ಮಾತು ಅಷ್ಟು ವಿವರವಾಗಿ ಕೇಳಿಸುವಾಗ, ಬಾಬುವಿನ ಮನೆಮಂದಿಯ ಮುಖ ನಮಗೆ ಕಾಣುವುದೇ ಇಲ್ಲ. ಅವನನ್ನು ಒಳ್ಳೆಯವನನ್ನಾಗಿ ಚಿತ್ರಿಸಿದ್ದಾರೆ, ಪೂರ್ತಿ ಮನುಷ್ಯನನ್ನಾಗಿ ಚಿತ್ರಿಸಿಲ್ಲ. ಆದರೂ ಪಾತ್ರಧಾರಿ ಬ್ರಯನ್ ಜಾರ್ಜ್ ಕೆಲವೇ ನಿಮಿಷಗಳಲ್ಲಿ ತುಂಬಿದ ಆಸೆ ಮತ್ತು ನೋವು, ಬರೆದಿಟ್ಟ ಮಾತಿಗಿಂತ ಎತ್ತರಕ್ಕೆ ಹೋಗುತ್ತವೆ. ಹೊಸ ಪಟ್ಟಿಯನ್ನು ತೋರಿಸುವಾಗ ಆ ಕಣ್ಣುಗಳಲ್ಲಿ ಹೊಳೆಯುವ ಭರವಸೆಯನ್ನು ನೋಡಿ.

ಬಾಬುವಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. 1993ರ 'ದಿ ವೀಸಾ' ಕಂತಿನಲ್ಲಿ ಜೆರ್ರಿ ಅವನಿಗೊಂದು ಕೆಲಸ ಮತ್ತು ಮನೆ ಕೊಡಿಸಿದ್ದಾನೆ. ಆದರೆ ವೀಸಾ ನವೀಕರಣದ ಕಾಗದ ತಪ್ಪಿ ಜೆರ್ರಿಯ ಅಂಚೆಪೆಟ್ಟಿಗೆಗೆ ಬೀಳುತ್ತದೆ. ಅದು ಕೈಸೇರುವಷ್ಟರಲ್ಲಿ ಬಾಬುವನ್ನು ಹಿಡಿದು ದೇಶದಿಂದ ಹೊರಗೆ ಕಳಿಸುತ್ತಾರೆ. 1993ರಲ್ಲಿ ಇದು ನಗೆಯಾಗಿತ್ತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, 2002ರಲ್ಲಿ ಅಮೆರಿಕ ಸರಕಾರ ಪಾಕಿಸ್ತಾನವೂ ಸೇರಿ 25 ದೇಶಗಳ, ಹೆಚ್ಚಾಗಿ ಮುಸ್ಲಿಮ್ ದೇಶಗಳ ಗಂಡಸರಿಗೆ ವಿಶೇಷ ನೋಂದಣಿ ಕಡ್ಡಾಯ ಮಾಡಿತು. ಹೀಗೆ ಸಾಲು ನಿಂತು ಹೆಸರು ಬರೆಸಿದ 80,000ಕ್ಕೂ ಹೆಚ್ಚು ಜನರಲ್ಲಿ 13,000ಕ್ಕೂ ಹೆಚ್ಚು ಮಂದಿ ಗಡೀಪಾರಿನ ಪ್ರಕರಣ ಎದುರಿಸಬೇಕಾಯಿತು. ಒಂದು ಕಾಗದ ತಡವಾದದ್ದಕ್ಕೆ ಬದುಕೇ ಕಳಚಿಬೀಳುವುದು ಆಗ ಧಾರಾವಾಹಿಯ ಮಾತಾಗಿ ಉಳಿಯಲಿಲ್ಲ. ಆ ನೋಂದಣಿಯ ನಿಯಮಗಳನ್ನು ಪೂರ್ತಿಯಾಗಿ ಕಿತ್ತುಹಾಕಿದ್ದು 2016ರ ಡಿಸೆಂಬರಿನಲ್ಲಿ.

ದೂರದ ನ್ಯೂಯಾರ್ಕಿನ ಮಾತೆಂದು ಇದನ್ನು ತಳ್ಳಿಹಾಕುವಂತಿಲ್ಲ. ಮುಂಬಯಿಯಲ್ಲಿ 1960ರ ದಶಕದ ಕೊನೆಗೆ ದಕ್ಷಿಣದವರ ವಿರುದ್ಧ ಚಳವಳಿ ಎದ್ದಾಗ ಕಲ್ಲು ಬಿದ್ದದ್ದು ಉಡುಪಿ ಹೋಟೆಲುಗಳ ಗಾಜಿಗೂ ಹೌದು. ಹಾಗೆಯೇ ಉತ್ತರದಿಂದ ನಮ್ಮ ಪೇಟೆಗಳಿಗೆ ಬಂದು ಪಾನಿಪುರಿ ಮಾರುವವರೂ ಕಟ್ಟಡದ ಕೆಲಸ ಮಾಡುವವರೂ ನಮ್ಮ ಕಣ್ಣೆದುರೇ ಇದ್ದಾರೆ. ಅವರಿಗೆ ಹೇಗಿರಬೇಕೆಂದು ಬುದ್ಧಿ ಹೇಳಲು ನಮ್ಮಲ್ಲಿ ಎಷ್ಟೊಂದು ನಾಲಗೆಗಳು! ನಿನಗೇನು ಬೇಕಪ್ಪಾ ಎಂದು ಕೇಳಿದವರು ಎಷ್ಟು ಮಂದಿ?

ಜೆರ್ರಿ ಕೆಟ್ಟವನಲ್ಲ. ಅವನು ನಮ್ಮಂತೆಯೇ ಒಳ್ಳೆಯವನು. ನಾವು ಚಿಂತಿಸಬೇಕಾದದ್ದು ಅದನ್ನೇ. ಇಡೀ ಕಂತಿನಲ್ಲಿ ಅವನು ಬಾಬುವಿಗೆ ಹೇಳಿದ್ದು ಬಹಳ, ಕೇಳಿದ್ದು ಕಡಿಮೆ. ಆ ಮೇಜಿನಲ್ಲಿ ಕುಳಿತು, ಬಾಬು ಬಡಿಸಿದ್ದನ್ನು ಉಂಡು, ದುಡ್ಡು ಕೊಟ್ಟು, ನಾಳೆ ಇಬ್ಬರು ಗೆಳೆಯರನ್ನು ಕರೆತಂದಿದ್ದರೆ ಆ ಹೋಟೆಲು ಇನ್ನೂ ನಾಲ್ಕು ದಿನ ತೆರೆದಿರುತ್ತಿತ್ತೋ ಏನೋ.