ರಾತ್ರಿ ಕಲಸಿದ ಕಣಕ, ಬೆಳಗಿನ ಬ್ರೆಡ್

ಊರಿಗೆ ಬೆಳಗ್ಗೆ ಬಿಸಿ ಬ್ರೆಡ್ ಸಿಗಬೇಕಾದರೆ ಬೇಕರಿಯವರು ರಾತ್ರಿಯೆಲ್ಲ ನಿದ್ದೆಗೆಡಬೇಕು. ಯುರೋಪಿನಲ್ಲಿ ಬಹುಕಾಲ ನಡೆದದ್ದು ಹೀಗೆಯೇ. 1919ರಲ್ಲಿ ಫ್ರಾನ್ಸ್ ರಾತ್ರಿ 10ರಿಂದ ಬೆಳಗಿನ ಜಾವ 4ರವರೆಗೆ ಬ್ರೆಡ್ ತಯಾರಿಕೆಯನ್ನೇ ಕಾನೂನು ಮಾಡಿ ನಿಷೇಧಿಸಿತು. 1925ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ಬೇಕರಿಗಳ ರಾತ್ರಿ ದುಡಿಮೆಯ ವಿರುದ್ಧ ಒಪ್ಪಂದವೊಂದನ್ನು ಅಂಗೀಕರಿಸಿತು. ಆ ರಾತ್ರಿಪಾಳಿಯನ್ನು ಇವತ್ತು ಫ್ರಿಜ್ ಮಾಡಬಲ್ಲದು. ಮನೆಯಲ್ಲಿ ಬ್ರೆಡ್ ಮಾಡುವವರೂ ಅದಕ್ಕೇ ಒಪ್ಪಿಸುವುದು ಮೇಲು. ಅನುಕೂಲ ಇದ್ದೇ ಇದೆ, ನಾನು ಹೇಳುತ್ತಿರುವುದು ರುಚಿಯ ಮಾತು.

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಯೀಸ್ಟ್ ಜಾಸ್ತಿ, ಸಮಯ ಕಡಿಮೆ. ಎರಡು ಗಂಟೆಯಲ್ಲಿ ಹಿಟ್ಟು ಉಬ್ಬಿ ನಿಲ್ಲುತ್ತದೆ, ಆದರೆ ಬೆಂದ ಮೇಲೆ ಬರೀ ಯೀಸ್ಟಿನ ವಾಸನೆ. ತಂಪಿನಲ್ಲಿ ಯೀಸ್ಟ್ ತೀರಾ ನಿಧಾನವಾಗುತ್ತದೆ. ಹಿಟ್ಟಿನಲ್ಲೇ ಇರುವ ಅಮೈಲೇಸ್ ಕಿಣ್ವಗಳು ಮಾತ್ರ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತಲೇ ಇರುತ್ತವೆ. ಯೀಸ್ಟ್ ತಿಂದು ಉಳಿದ ಆ ಸಕ್ಕರೆಯಿಂದಲೇ ಬ್ರೆಡ್ಡಿನ ಮೇಲ್ಮೈಗೆ ಚೆಂದದ ಕೆಂಗಂದು ಬಣ್ಣ ಬರುವುದು. ಜೊತೆಗೆ ನೀರು ಕುಡಿದ ಹಿಟ್ಟಿನಲ್ಲಿ ಗ್ಲುಟೆನ್ ತಾನಾಗಿಯೇ ಹೆಣೆದುಕೊಳ್ಳುತ್ತದೆ, ನಾದುವ ಶ್ರಮದಲ್ಲಿ ಅರ್ಧ ಉಳಿಯುತ್ತದೆ.

ಪ್ಯಾರಿಸ್ಸಿನ ಫಿಲಿಪ್ ಗೋಸ್ಲಾಂ ಮಂಜಿನಂಥ ನೀರಿನಲ್ಲಿ ಹಿಟ್ಟು ಕಲಸಿ ರಾತ್ರಿಯಿಡೀ ತಂಪಿನಲ್ಲಿಡುತ್ತಿದ್ದ ಕ್ರಮವನ್ನು ಅಮೆರಿಕದ ಪೀಟರ್ ರೈನ್‌ಹಾರ್ಟ್ 2001ರ ‘ದಿ ಬ್ರೆಡ್ ಬೇಕರ್ಸ್ ಅಪ್ರೆಂಟಿಸ್’ ಪುಸ್ತಕದಲ್ಲಿ ಮನೆ ಅಡುಗೆಯವರಿಗೆ ಹೊಂದಿಸಿಕೊಟ್ಟರು. 2006ರಲ್ಲಿ ನ್ಯೂಯಾರ್ಕಿನ ಜಿಮ್ ಲೇಹಿ ಅವರ, ನಾದದೇ ಮಾಡುವ ಬ್ರೆಡ್ ಇನ್ನೂ ಹೆಸರಾಯಿತು: ಕಾಲು ಟೀ ಚಮಚ ಯೀಸ್ಟ್, 12ರಿಂದ 18 ಗಂಟೆ ಹೊರಗೇ ಬಿಡುವುದು. ಆದರೆ ಅದು ಸುಮಾರು 21 ಡಿಗ್ರಿ ಸೆಲ್ಸಿಯಸ್ ಇರುವ ಕೋಣೆಯ ಲೆಕ್ಕ. ದಾವಣಗೆರೆಯ ಏಪ್ರಿಲ್‌ಗೆ ಅದು ಹೊಂದುವುದಿಲ್ಲ. ಬೇಸಿಗೆಯಲ್ಲಿ ಇಡ್ಲಿ ಹಿಟ್ಟು ಪಾತ್ರೆ ಮೀರಿ ಉಕ್ಕುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮಗೆ ಫ್ರಿಜ್ಜೇ ಗತಿ.

500 ಗ್ರಾಂ ಮೈದಾಕ್ಕೆ 325 ಗ್ರಾಂ ತಣ್ಣೀರು, 10 ಗ್ರಾಂ ಉಪ್ಪು, ಅರ್ಧ ಟೀ ಚಮಚ ಇನ್‌ಸ್ಟಂಟ್ ಯೀಸ್ಟ್. ಕಲಸಿ ಅರ್ಧ ಗಂಟೆ ಮುಚ್ಚಿಡಿ. ಆಮೇಲೆ ಒದ್ದೆ ಕೈಯಲ್ಲಿ ಅಂಚುಗಳನ್ನು ಎಳೆದೆಳೆದು ನಡುವಿಗೆ ಮಡಚಿ. ಇನ್ನೊಂದು ಅರ್ಧ ಗಂಟೆಗೆ ಮತ್ತೊಮ್ಮೆ. ಕಣಕ ಉಬ್ಬತೊಡಗಿದ್ದು ಕಂಡ ಕೂಡಲೇ ಮುಚ್ಚಳವಿರುವ ಡಬ್ಬಿಯಲ್ಲಿ ಫ್ರಿಜ್ಜಿಗೆ. ಡಬ್ಬಿ ಕಣಕದ ಎರಡು ಪಟ್ಟಾದರೂ ದೊಡ್ಡದಿರಲಿ. ಮುದ್ದೆಯ ನಡುಭಾಗ ತಣ್ಣಗಾಗಲು ಗಂಟೆಗಟ್ಟಲೆ ಹಿಡಿಯುತ್ತದೆ, ಅಲ್ಲಿಯವರೆಗೆ ಅದು ಉಬ್ಬುತ್ತಲೇ ಇರುತ್ತದೆ. ಹೊರಗೆ ಪೂರ್ತಿ ಉಬ್ಬಿಸಿ ಒಳಗಿಟ್ಟರೆ ಬೆಳಗ್ಗೆ ಸಿಗುವುದು ಕುಸಿದ ಹಿಟ್ಟು. ಗೋಧಿ ಹಿಟ್ಟು ಬೆರೆಸುವವರು ನೀರು ತುಸು ಹೆಚ್ಚಿಸಿ, ಕಾಯುವ ಹೊತ್ತು ಕಡಿಮೆ ಮಾಡಿ. ತವುಡಿದ್ದಲ್ಲಿ ಹುದುಗು ಬಿರುಸು.

ಬೆಳಗ್ಗೆ ತಣ್ಣನೆಯ ಕಣಕ ಕೈಗೆ ಅಂಟುವುದಿಲ್ಲ, ಹೇಳಿದ ಮಾತು ಕೇಳುತ್ತದೆ. ಆಕಾರ ಕೊಟ್ಟು ಟಿನ್ನಿನಲ್ಲಿಟ್ಟು ಒಂದು, ಒಂದೂವರೆ ಗಂಟೆ ಬಿಡಿ. ಬೆರಳಿನಿಂದ ಒತ್ತಿದ ಗುಳಿ ನಿಧಾನವಾಗಿ, ಅರ್ಧ ಮಾತ್ರ ತುಂಬಿಕೊಂಡರೆ ಹದ ಬಂದಿದೆ. 220 ಡಿಗ್ರಿಯಲ್ಲಿ ಸುಮಾರು 35 ನಿಮಿಷ. ಬೆಳಗಿನ ಗಡಿಬಿಡಿ ಇದ್ದವರು ರಾತ್ರಿಯೇ ಟಿನ್ನಿಗೆ ಹಾಕಿ, ಮುಚ್ಚಿ ಫ್ರಿಜ್ಜಿನಲ್ಲಿಡಬಹುದು. ಚೆನ್ನಾಗಿ ಉಬ್ಬಿದ್ದರೆ ನೇರವಾಗಿ ಕಾದ ಓವನ್ನಿಗೆ. ಆದರೆ ನನ್ನ ಮತ ಮೊದಲಿನ ಕ್ರಮಕ್ಕೇ. ರಾತ್ರಿ ಎಷ್ಟು ಉಬ್ಬಿತೆಂದು ನೋಡಿ ಸರಿಪಡಿಸಲು ಅದರಲ್ಲಿ ಅವಕಾಶವಿದೆ.

ಈ ಕಣಕ ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ. ಎರಡನೆಯ ದಿನದ್ದೇ ರುಚಿಯಲ್ಲಿ ಮೇಲು. ಶುಕ್ರವಾರ ರಾತ್ರಿ ಊಟದ ಪಾತ್ರೆ ತೊಳೆಯುವ ಮುಂಚೆ ಕಲಸಿಟ್ಟು, ಭಾನುವಾರ ಬೆಳಗ್ಗೆ ಬೇಯಿಸಿ ನೋಡಿ.