ಸೆರಾ ವಿಹಾರದಲ್ಲಿ ಒಬ್ಬ ಕ್ರೈಸ್ತ ಗುರು: ದೆಸಿದೆರಿಯವರ ಸತ್ಯಧರ್ಮ ವಿಚಾರ

ಅನ್ಯಧರ್ಮವೊಂದನ್ನು ಖಂಡಿಸುವ ಮುನ್ನ ಅದನ್ನು ಎಷ್ಟರಮಟ್ಟಿಗೆ ಕಲಿತಿರಬೇಕು? ಈ ಪ್ರಶ್ನೆಯೊಡನೆ ಓದಬೇಕಾದ ಲೇಖಕರು ಯೇಸುಸಭೆಯ ಗುರು ಇಪ್ಪೊಲಿತೊ ದೆಸಿದೆರಿ. 1684ರಲ್ಲಿ ಇಟಲಿಯ ಪಿಸ್ತೋಯದಲ್ಲಿ ಜನಿಸಿದ ಅವರು 1716ರ ಮಾರ್ಚಿಯಲ್ಲಿ ಲ್ಹಾಸಾವನ್ನು ತಲುಪಿ, 1721ರವರೆಗೆ ಟಿಬೆಟ್ಟಿನ ಬೌದ್ಧರ ನಡುವೆ ಬಾಳಿದರು. 1717ರಲ್ಲಿ ಸೆರಾ ಮಹಾವಿಹಾರದಲ್ಲಿ ನೆಲೆಸಿ ಬೌದ್ಧಶಾಸ್ತ್ರಗಳನ್ನು ಅಭ್ಯಸಿಸಿದರು. ಅದೇ ಸೆರಾ ಮರುಸ್ಥಾಪನೆಗೊಂಡು ಇಂದು ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿದೆ. ಆದಕಾರಣ ದೆಸಿದೆರಿಯವರ ಬರಹಗಳು ಕನ್ನಡನಾಡಿನ ಗುರುಗಳಿಗೆ ದೂರದವಲ್ಲ.

ಟಿಬೆಟ್ ಭಾಷೆಯಲ್ಲಿಯೇ ಅವರು ರಚಿಸಿದ ಗ್ರಂಥಗಳಲ್ಲಿ ಪುನರ್ಜನ್ಮ ಹಾಗೂ ಶೂನ್ಯತೆಗಳನ್ನು ಕುರಿತ ವಿಚಾರಣೆಯು ಪ್ರಮುಖವಾದುದು. ಈ ಎರಡನ್ನೇ ಆರಿಸಿಕೊಂಡದ್ದು ಅವರ ವಿವೇಚನೆಗೆ ಸಾಕ್ಷಿ. ವಿಗ್ರಹಗಳನ್ನೂ ಉತ್ಸವಗಳನ್ನೂ ಹೀಗಳೆಯುವುದು ಸುಲಭವಾಗಿತ್ತು. ಅವರು ಬೇರನ್ನೇ ಅರಸಿದರು. ಎಲ್ಲವೂ ಪರಾವಲಂಬಿ, ತನ್ನಿಂದ ತಾನೇ ಇರುವಂಥದು ಯಾವುದೂ ಇಲ್ಲ ಎಂದಾದರೆ ದೇವರಿಗೂ ಎಡೆಯಿಲ್ಲ. ಇದನ್ನು ಮನಗಂಡು, ಬೌದ್ಧರ ಪರಿಭಾಷೆಯಲ್ಲಿಯೇ ಅವರು ಉತ್ತರವನ್ನು ಕಟ್ಟಿದರು: ಎಲ್ಲವೂ ಬೇರೊಂದನ್ನು ಅವಲಂಬಿಸಿರುವುದಾದರೆ, ಯಾವುದನ್ನೂ ಅವಲಂಬಿಸದ ಮೂಲವೊಂದು ಇರಲೇಬೇಕು.

ಈ ವಾದ ಎಷ್ಟು ಗಟ್ಟಿ? ಕಾರಣಗಳ ಸರಪಳಿಗೆ ಆದಿಯೇ ಇಲ್ಲವೆನ್ನುವ ಮಾಧ್ಯಮಿಕನನ್ನು ‘ಮೊದಲ ಕೊಂಡಿ ಎಲ್ಲಿ?’ ಎಂಬ ಪ್ರಶ್ನೆ ಕಾಡದು. ಲೋಕಕ್ಕೆ ಆದಿಯುಂಟೆಂಬುದನ್ನು ಕೇವಲ ತರ್ಕದಿಂದ ಸಾಧಿಸಲಾಗದೆಂದು ಸಂತ ಥಾಮಸ್ ಅಕ್ವಿನಾಸರೂ ಒಪ್ಪಿದ್ದರು. ಆದುದರಿಂದ ವಾದದ ತಿರುಳು ಕಾಲದಲ್ಲಿಲ್ಲ. ಈ ಕ್ಷಣದಲ್ಲಿಯೇ ಸೃಷ್ಟಿಯನ್ನು ಇರಗೊಡುವವನು ಯಾರು ಎಂಬುದರಲ್ಲಿದೆ. ದೆಸಿದೆರಿಯವರು ಪ್ರಬಲರಾಗುವುದು ಈ ನೆಲೆಯಲ್ಲಿ ನಿಂತಾಗಲೇ.

ಅವರ ದೌರ್ಬಲ್ಯ ಬೇರೆಡೆಯಲ್ಲಿದೆ. ಟಿಬೆಟ್ ಜನರ ಸದಾಚಾರವನ್ನು ಮನಸಾರೆ ಮೆಚ್ಚಿದ ಅವರು, ದಲೈಲಾಮಾ ಮತ್ತೆ ಹುಟ್ಟಿಬರುತ್ತಾರೆಂಬ ನಂಬಿಕೆಯನ್ನು ಪರಿಶೀಲಿಸುವಾಗ ಅದನ್ನು ಸೈತಾನನ ಕೃತ್ಯವೆಂದು ತೀರ್ಮಾನಿಸಿದರು. ಶೂನ್ಯತೆಯ ವಿಷಯದಲ್ಲಿ ಪ್ರತಿವಾದಿಯ ಮಾತನ್ನು ತಾಳ್ಮೆಯಿಂದ ಆಲಿಸಿದ ಕಿವಿ ಇಲ್ಲಿ ಮುಚ್ಚಿಕೊಂಡಿತು. ಸೈತಾನನಿಲ್ಲವೆಂಬುದು ನಮ್ಮ ಆಕ್ಷೇಪವಲ್ಲ; ಆ ಉತ್ತರದೊಡನೆ ವಿಚಾರವೇ ನಿಂತುಹೋಗುತ್ತದೆ ಎಂಬುದು ಆಕ್ಷೇಪ. ಆ ಜನರ ಸದ್ಗುಣ ಎಲ್ಲಿಂದ ಬಂದಿತೆಂಬ ಪ್ರಶ್ನೆಗೂ ಅದರಿಂದ ಉತ್ತರ ದೊರೆಯದು. ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ನಿರಾಕರಿಸುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ದೆಸಿದೆರಿಯವರು ಅರ್ಧದಾರಿಯಲ್ಲಿ ಬಿಟ್ಟ ವಿಚಾರವನ್ನು ಮುಂದುವರಿಸುವ ಹೊಣೆ ನಮ್ಮದು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಲ್ಲಿ ಸೇವೆಗೈಯುವವರಿಗೆ ಈ ಹೊಣೆ ಕೇವಲ ಪುಸ್ತಕದ್ದಲ್ಲ. ಜಗಳೂರಿನ ಮೂಡಣಕ್ಕೆ, ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ತಂದೆತಾಯಿಗಳಿಗೆ ವಿಧೇಯತೆ, ಜೀವಿಗಳಲ್ಲಿ ದಯೆ, ಸತ್ಯವಚನಗಳನ್ನು ಅದು ಬೋಧಿಸುತ್ತದೆ. ಅದನ್ನು 1892ರಲ್ಲಿ ಬೆಳಕಿಗೆ ತಂದವರು ಮಿಷನರಿಯೊಬ್ಬರ ಪುತ್ರ ಬಿ. ಎಲ್. ರೈಸ್. ಹೊನ್ನಾಳಿ, ನ್ಯಾಮತಿಗಳ ಪಡುವಣಕ್ಕೆ ಬಳ್ಳಿಗಾವೆ. ಅಲ್ಲಿ ಹನ್ನೊಂದನೆಯ ಶತಮಾನದಲ್ಲಿ ಬೌದ್ಧವಿಹಾರವಿತ್ತು. ಅಲ್ಲಮಪ್ರಭುವಿನ ಊರೂ ಅದೇ ಎಂಬುದು ಪರಂಪರೆಯ ಮಾತು. ಇಲ್ಲಿನ ಶರಣರ ಮಠದಲ್ಲಿ ‘ಶೂನ್ಯ’ವೆಂದರೆ ಬರಿದಲ್ಲ, ಪರಿಪೂರ್ಣವಾದ ಬಯಲು, ನಾಗಾರ್ಜುನನ ಶೂನ್ಯತೆಯಾದರೋ ವಸ್ತುಗಳಿಗೆ ಸ್ವಭಾವವಿಲ್ಲವೆಂಬ ನಿಲುವು. ಫಿಲಿಪ್ಪಿಯರಿಗೆ ಬರೆದ ಪತ್ರದಲ್ಲಿ ಕ್ರಿಸ್ತನು ತನ್ನನ್ನು ಬರಿದುಮಾಡಿಕೊಂಡದ್ದು ಪ್ರೀತಿಯ ಕ್ರಿಯೆ. ಶಬ್ದಸಾಮ್ಯವನ್ನೇ ನೆಚ್ಚಿ ಮೂರನ್ನೂ ಒಂದೆನ್ನುವ ಪ್ರಸಂಗವು ಮೂವರಿಗೂ ಅನ್ಯಾಯವೆಸಗುತ್ತದೆ.

ಸತ್ಯಧರ್ಮದ ಲಕ್ಷಣವನ್ನು ಹೇಳುವಾಗ ಸಂತ ಯಕೋಬರು ಅನಾಥರ ಹಾಗೂ ವಿಧವೆಯರ ಪರಾಮರಿಕೆಯನ್ನು ಮುಂದಿಡುತ್ತಾರೆ. ದೆಸಿದೆರಿಯವರು ಸತ್ಯವನ್ನು ಸಿದ್ಧಾಂತದಲ್ಲಿ ಅರಸಿದರು. ಅದು ತಪ್ಪಲ್ಲ, ಆದರೆ ಸಾಲದು. ಕ್ರಿಸ್ತನೇ ಸತ್ಯವೆಂದು ಒಪ್ಪಿಕೊಂಡವನಿಗೆ ನೆರೆಯವನ ಸತ್ಯವನ್ನು ಕಂಡು ಅಂಜುವ ಕಾರಣವಿಲ್ಲ. ಆ ಧೈರ್ಯದಿಂದಲೇ ಅವರು ಸೆರಾದ ಹೊಸ್ತಿಲನ್ನು ದಾಟಿದರು. ಸೆರಾ ಈಗ ನಮ್ಮ ನಾಡಿಗೇ ಬಂದಿರುವಾಗ, ನಮ್ಮ ಗುರುಮಠದ ವಿದ್ಯಾರ್ಥಿಗಳು ಅಷ್ಟಾದರೂ ಮಾಡಲಿ.